ಮೊಹರಿನ ಗೆರೆ, ನೀರಿನ ಬಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ರಬ್ಬರ್ ಮೊಹರಿನಿಂದ ಚಿತ್ರದ ಗೆರೆಯನ್ನು ಒತ್ತಿ, ಅದರೊಳಗೆ ಜಲವರ್ಣ ತುಂಬಿ ಮನೆಯಲ್ಲೇ ಶುಭಾಶಯ ಪತ್ರಗಳನ್ನು ಮಾಡುವ ಬಗೆಯನ್ನು ಚುಟುಕಾಗಿ ಬರೆದಿದ್ದೆ. ಆ ಟಿಪ್ಪಣಿಗೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದಲೇ ಹೆಚ್ಚು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಾವಿನ ತೋರಣದ ಮೊಹರನ್ನು ಅಚ್ಚುಕಟ್ಟಾಗಿ ಒತ್ತಿ, ಒಂದು ಗಂಟೆ ಒಣಗಲು ಬಿಟ್ಟ ಮೇಲೂ ಕುಂಚ ತಗುಲಿದ ಕೂಡಲೇ ನೇರಳೆ ಶಾಯಿ ಹರಡಿ ಎಲೆಯ ಹಸಿರೆಲ್ಲ ಕೊಳೆಯಾಗುತ್ತದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?
— ಗೃಹಿಣಿ, ಬ್ರಹ್ಮಪುರ, ಕಲಬುರಗಿ

ಉತ್ತರ: ತಪ್ಪು ನಿಮ್ಮ ಸ್ಟ್ಯಾಂಪ್ ಪ್ಯಾಡಿನದು. ಕಚೇರಿಗಳಲ್ಲಿ ಶಿಕ್ಕಾ ಹೊಡೆಯಲು ಬಳಸುವ ನೇರಳೆ ಪ್ಯಾಡಿನಲ್ಲಿರುವುದು ನೀರಿನಲ್ಲಿ ಕರಗುವ ಡೈ ಶಾಯಿ. ಮುಚ್ಚಳ ತೆರೆದಿಟ್ಟರೂ ಪ್ಯಾಡು ಬೇಗ ಒಣಗದಿರಲೆಂದು ಅದಕ್ಕೆ ಗ್ಲಿಸರಿನ್‌ನಂತಹ, ತೇವವನ್ನು ಹಿಡಿದಿಡುವ ಪದಾರ್ಥವನ್ನೂ ಬೆರೆಸಿರುತ್ತಾರೆ. ಹೀಗಾಗಿ ಅದು ಕಾಗದದ ಮೇಲೆ ಒಣಗಿದಂತೆ ಕಂಡರೂ ನೀರು ಸೋಕಿದೊಡನೆ ಮತ್ತೆ ಕರಗುತ್ತದೆ. ಗಂಟೆಯ ಬದಲು ವಾರಗಟ್ಟಲೆ ಕಾದರೂ ಫಲ ಅಷ್ಟೇ. ನಾನೂ ಮೊದಲ ವರ್ಷ ಮನೆಯ ಮದುವೆಗೆ ಬಂದವರಿಗೆ ಕಳುಹಿಸಲೆಂದು ನಲವತ್ತು ಕಾರ್ಡುಗಳನ್ನು ಇಂಥದೇ ಪ್ಯಾಡಿನಿಂದ ಒತ್ತಿ, ಎಲ್ಲವನ್ನೂ ಒಂದೇ ಸಂಜೆಯಲ್ಲಿ ಕೆಡಿಸಿಕೊಂಡಿದ್ದೆ. ಅವನ್ನು ನೋಡಿದ ನಮ್ಮ ಅತ್ತೆಯವರು ಮಕ್ಕಳು ನೇರಳೆ ಹಣ್ಣು ತಿಂದ ಕೈ ಒರೆಸಿರಬೇಕೆಂದು ತಿಳಿದರು.

ನೀರಿಗೆ ಜಗ್ಗದ ಶಾಯಿಯ ಪ್ಯಾಡನ್ನೇ ಕೇಳಿ ತರಬೇಕು. ಡಬ್ಬಿಯ ಮೇಲೆ ವಾಟರ್‌ಪ್ರೂಫ್ ಎಂದೋ ಆರ್ಕೈವಲ್ ಎಂದೋ ಬರೆದಿರುತ್ತದೆ. ಪಿಗ್ಮೆಂಟ್, ಅಂದರೆ ನೀರಿನಲ್ಲಿ ಕರಗದ ಬಣ್ಣದ ಪುಡಿಯ ಶಾಯಿ, ಎಂದು ಬರೆದ ಮಾತ್ರಕ್ಕೆ ನಂಬಿ ಕೊಳ್ಳಬೇಡಿ, ಏಕೆಂದರೆ ಪಿಗ್ಮೆಂಟ್ ಶಾಯಿಗಳಲ್ಲಿ ಹಲವು ನಯವಾದ ಕಾಗದದ ಮೇಲೆ ಬಹಳ ಹೊತ್ತು ಹಸಿಯಾಗಿಯೇ ಉಳಿಯುತ್ತವೆ. ಯಾವ ಪ್ಯಾಡೇ ಆಗಲಿ, ಕಾರ್ಡಿಗೆ ಬಳಸುವ ಕಾಗದದ ಚೂರೊಂದರ ಮೇಲೆ ಒತ್ತಿ, ಹತ್ತು ನಿಮಿಷ ಬಿಟ್ಟು, ನೀರು ತುಂಬಿದ ಕುಂಚವನ್ನು ಅದರ ಮೇಲೆ ನಾಲ್ಕು ಸಲ ಎಳೆದು ನೋಡಿ. ಗೆರೆ ಕದಲದಿದ್ದರೆ ಮಾತ್ರ ಮುಂದಿನ ಕೆಲಸ.

ಹೊಸ ಪ್ಯಾಡು ಸಿಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕೆಲಸದ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳಿ: ಮೊದಲು ಕಾಗದದ ಮೇಲೆ ತಿಳಿ ಹಳದಿ ಹಸಿರುಗಳನ್ನು ಗೆರೆಯ ಹಂಗಿಲ್ಲದೆ ಬಳಿದು, ಅದು ಪೂರ್ತಿ ಒಣಗಿದ ಮೇಲೆ ತೋರಣವನ್ನು ಒತ್ತಿ. ಬಣ್ಣ ಗೆರೆಯಿಂದ ಅಲ್ಲಲ್ಲಿ ಹೊರಗೆ ಹೋಗಿರುತ್ತದೆ, ಒಳಗೆ ಅಲ್ಲಲ್ಲಿ ಬಿಳಿ ಉಳಿದಿರುತ್ತದೆ. ನನಗೆ ಕೇಳಿದರೆ, ಮಕ್ಕಳ ಬಣ್ಣದ ಪುಸ್ತಕದಂತೆ ಗೆರೆಯ ಅಂಚಿನವರೆಗೂ ಬಣ್ಣ ತುಂಬಿದ ಕಾರ್ಡಿಗಿಂತ ಇದೇ ಹೆಚ್ಚು ಜೀವಂತವಾಗಿರುತ್ತದೆ. ಇನ್ನು ಕರಗುವ ಶಾಯಿಯ ಗುಣವನ್ನೇ ಉಪಯೋಗಿಸಿಕೊಳ್ಳುವ ದಾರಿಯೂ ಒಂದಿದೆ. ಕಂದು ಅಥವಾ ನೀಲಿ ಡೈ ಶಾಯಿಯಿಂದ ಹೂವನ್ನು ಒತ್ತಿ, ಬರಿಯ ನೀರಿನ ಕುಂಚದಿಂದ ಗೆರೆಯನ್ನು ಒಳಮುಖವಾಗಿ ಎಳೆದರೆ ಶಾಯಿಯೇ ಎಸಳಿನ ನೆರಳಾಗುತ್ತದೆ, ಬೇರೆ ಬಣ್ಣದ ಅಗತ್ಯವೇ ಬೀಳುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಬೇಸಿಗೆಯಲ್ಲಿ ಬಣ್ಣ ಹಚ್ಚುತ್ತಿದ್ದಂತೆಯೇ ಒಣಗಿ ಅಂಚುಗಟ್ಟುತ್ತದೆ, ಕಾಗದವೂ ಹಪ್ಪಳದಂತೆ ಸೊಟ್ಟಗಾಗುತ್ತದೆ. ಪರಿಹಾರವೇನು?
— ಪದವಿ ವಿದ್ಯಾರ್ಥಿನಿ, ಸೇಡಂ

ಉತ್ತರ: ಎರಡು ತೊಂದರೆಗಳಿಗೂ ಮೂಲ ಬೇರೆ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯ ಒಣ ಗಾಳಿಯಲ್ಲಿ, ಮೇಲೆ ಫ್ಯಾನು ತಿರುಗುತ್ತಿದ್ದರಂತೂ, ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದಿ ತರುವಷ್ಟರಲ್ಲಿ ಹಿಂದಿನ ಎಳೆತ ಒಣಗಿರುತ್ತದೆ. ಆದ್ದರಿಂದ ಬೆಳಗಿನ ತಂಪಿನಲ್ಲಿ ಫ್ಯಾನು ಆರಿಸಿ ಕುಳಿತುಕೊಳ್ಳಿ. ಬಣ್ಣವನ್ನು ಬೇಕಾದುದಕ್ಕಿಂತ ದುಪ್ಪಟ್ಟು ಕಲಸಿಟ್ಟುಕೊಳ್ಳಿ ಮತ್ತು ಕುಂಚ ಒಂದು ಅಳತೆ ದೊಡ್ಡದಿರಲಿ. ಆಕಾಶದಂತಹ ಅಗಲವಾದ ಜಾಗಕ್ಕೆ ಬಣ್ಣ ಬಳಿಯುವ ಮೊದಲು ಬರಿಯ ನೀರನ್ನು ಒಮ್ಮೆ ಸವರಿ, ಅದು ಕಾಗದದೊಳಗೆ ಇಳಿದ ಮೇಲೆ ಮತ್ತೊಮ್ಮೆ ಸವರಿ. ಎರಡನೆಯ ನೀರಿನ ಹೊಳಪು ಇರುವಾಗಲೇ ಬಣ್ಣ ಬಿಟ್ಟರೆ ಅಂಚು ಕಟ್ಟುವುದಿಲ್ಲ. ಅರ್ಧ ಒಣಗಿದ ಜಾಗಕ್ಕೆ ಮಾತ್ರ ತಿದ್ದಲು ಹೋಗಬೇಡಿ. ಹಾಗೆ ಹೋದರೆ ಮಳೆಗಾಲದಲ್ಲಿ ಮಾಳಿಗೆ ಸೋರಿ ಗೋಡೆಯ ಮೇಲೆ ಮೂಡುವ ಕಲೆಯಂತಹದೇ ಕಲೆ ಬೀಳುತ್ತದೆ.

ಕಾಗದ ಸೊಟ್ಟಗಾಗುವುದು ಅದು ತೆಳುವಾಗಿರುವುದರಿಂದ. ಶಾಲೆಯ ಡ್ರಾಯಿಂಗ್ ಶೀಟು ಇಷ್ಟು ನೀರನ್ನು ತಾಳುವುದಿಲ್ಲ. ಜಲವರ್ಣಕ್ಕೆಂದೇ ಮಾಡಿದ 300 ಜಿಎಸ್ಎಂ ಕಾಗದ ಬೇಕು, ಎಂದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಗುವಂತಹದು. ಅದರಲ್ಲಿ ಕೋಲ್ಡ್ ಪ್ರೆಸ್ಡ್ ಎಂಬುದು ತರಿತರಿಯಾಗಿರುತ್ತದೆ. ಬಣ್ಣಕ್ಕೆ ಸೊಗಸು, ಆದರೆ ಮೊಹರಿನ ಸಣ್ಣ ಗೆರೆ ಅದರ ಉಬ್ಬುತಗ್ಗುಗಳಲ್ಲಿ ತುಂಡಾಗುತ್ತದೆ. ಹಾಟ್ ಪ್ರೆಸ್ಡ್ ನಯವಾಗಿರುವುದರಿಂದ ಮೊಹರಿಗೆ ಅದೇ ಮೇಲು. ಸಿಗದಿದ್ದರೆ ಕೋಲ್ಡ್ ಪ್ರೆಸ್ಡ್ ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿ. ಅನೇಕ ಹಾಳೆಗಳಲ್ಲಿ ಆ ಬದಿ ಹೆಚ್ಚು ನಯವಾಗಿರುತ್ತದೆ. ಒತ್ತುವಾಗ ಕೆಳಗೆ ನಾಲ್ಕು ಮಡಿಕೆ ವೃತ್ತಪತ್ರಿಕೆ ಇಟ್ಟುಕೊಂಡರೆ ಗೆರೆ ಇನ್ನಷ್ಟು ಪೂರ್ಣವಾಗಿ ಬರುತ್ತದೆ. ಮದುವೆ ಕಾರ್ಡಿನ ಅಂಗಡಿಯಲ್ಲಿ ಸಿಗುವ ಹೊಳಪಿನ ಹಾಳೆಯ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಉರುಳಾಡುತ್ತದೆ, ಅದನ್ನು ಮರೆತುಬಿಡಿ.

ದಪ್ಪ ಕಾಗದ ದುಬಾರಿಯೆನ್ನುವವರಿಗೆ ನಾನು ಹೇಳುವುದಿಷ್ಟು: ಇಡೀ ಕಾರ್ಡನ್ನು ಅದರಲ್ಲಿ ಮಾಡಬೇಕಾಗಿಲ್ಲ. ಅಂಗೈಯಗಲದ ತುಂಡಿನ ಮೇಲೆ ಚಿತ್ರ ಮಾಡಿ, ಅದನ್ನು ಸಾಧಾರಣ ಕಾರ್ಡ್ ಶೀಟಿನ ಮೇಲೆ ಅಂಟಿಸಿ. ಅಂಟಿಗೆ ಫೆವಿಕಾಲ್ ಬೇಡ, ಅದರಲ್ಲಿರುವ ನೀರು ಮತ್ತೆ ಕಾಗದವನ್ನು ಸೊಟ್ಟಗೆ ಮಾಡುತ್ತದೆ. ಎರಡೂ ಬದಿ ಅಂಟುವ ಟೇಪು ಸಾಕು. ಚಿತ್ರ ಬರೆಯುವಾಗ ತುಂಡಿನ ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪು ಹಚ್ಚಿ ಹಲಗೆಗೆ ಬಿಗಿದಿದ್ದರೆ ಬಿಡಿಸಿದಾಗ ಬಿಳಿಯ ಅಂಚು ತಾನಾಗಿಯೇ ದೊರೆಯುತ್ತದೆ.

ಪ್ರಶ್ನೆ: ಮೊಹರು, ಜಲವರ್ಣ ಎರಡನ್ನೂ ಸೇರಿಸುವುದು ಹೊಸ ಫ್ಯಾಶನ್ನೇ?
— ಓದುಗರು, ಚಿಂಚೋಳಿ

ಉತ್ತರ: ಅಚ್ಚಿನ ಗೆರೆಗೆ ಕೈಯಿಂದ ಬಣ್ಣ ತುಂಬುವುದು ಹಳೆಯದೇ. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡನ್ನು ಲಂಡನ್ನಿನಲ್ಲಿ 1843ರಲ್ಲಿ ಹೆನ್ರಿ ಕೋಲ್ ಎಂಬವರು ಮಾಡಿಸಿದರು. ಚಿತ್ರ ಜಾನ್ ಕಾಲ್ಕಾಟ್ ಹಾರ್ಸ್ಲಿ ಅವರದು, ಬೆಲೆ ಒಂದು ಷಿಲಿಂಗ್. ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಬಣ್ಣವನ್ನು ಕೈಯಿಂದಲೇ ಹಚ್ಚಿದ್ದರು. ರಬ್ಬರ್ ಮೊಹರು ಬಂದದ್ದು ಆಮೇಲೆ, ಗಂಧಕ ಸೇರಿಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ನಂತರ.

ಪ್ರಶ್ನೆ: ಪೇಟೆಯಲ್ಲಿ ಸಿಗುವ ಮೊಹರುಗಳ ಮೇಲೆಲ್ಲ ಇಂಗ್ಲಿಷ್ ಅಕ್ಷರಗಳೇ ಇವೆ. ಕನ್ನಡದ ಮೊಹರನ್ನು ಮನೆಯಲ್ಲೇ ಕೊರೆದುಕೊಳ್ಳಲು ಸಾಧ್ಯವೇ?
— ಬ್ಯಾಂಕ್ ಉದ್ಯೋಗಿ, ಬಸವಕಲ್ಯಾಣ

ಉತ್ತರ: ಖಂಡಿತ ಸಾಧ್ಯ, ಅದೂ ಪೆನ್ಸಿಲ್ ಅಳಿಸುವ ದೊಡ್ಡ ಬಿಳಿ ರಬ್ಬರಿನಲ್ಲೇ. ಮೊಹರಿನಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವಾಗಿರಬೇಕು ಎಂಬುದು ಎಲ್ಲರಿಗೂ ಗೊತ್ತು, ಕೊರೆಯಲು ಕುಳಿತಾಗ ಎಲ್ಲರೂ ಮರೆಯುತ್ತಾರೆ. ನಾನು ಮೊದಲ ಸಲ ಕೊರೆದ ‘ಯುಗಾದಿ’ಯನ್ನು ಕನ್ನಡಿ ಹಿಡಿದೇ ಓದಬೇಕಾಗಿತ್ತು. ಇದಕ್ಕೆ ಸುಲಭದ ಉಪಾಯವಿದೆ. ಟ್ರೇಸಿಂಗ್ ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಅಕ್ಷರವನ್ನು ನೇರವಾಗಿಯೇ ದಪ್ಪಗೆ ಬರೆದು, ಬರೆದ ಬದಿಯನ್ನು ರಬ್ಬರಿನ ಮೇಲೆ ಬೋರಲು ಹಾಕಿ, ಹಿಂದಿನಿಂದ ಉಗುರಿನಲ್ಲಿ ಉಜ್ಜಿದರೆ ಪೆನ್ಸಿಲಿನ ಪುಡಿ ರಬ್ಬರಿಗೆ ಇಳಿದು ಅಕ್ಷರ ತಾನಾಗಿ ತಿರುವಾಗುತ್ತದೆ.

ಕೊರೆಯಲು ಲಿನೋ ಕೆತ್ತನೆಯ ಉಳಿಗಳು ಬೇಕು. ಗೆರೆಯ ಅಂಚಿಗೆ ಇಂಗ್ಲಿಷಿನ ವಿ ಆಕಾರದ ಮೊನೆಯದು, ಖಾಲಿ ಜಾಗ ತೆಗೆಯಲು ಯು ಆಕಾರದ್ದು. ಕನ್ನಡದ ಅಕ್ಷರಗಳೆಲ್ಲ ಗುಂಡಗಿರುವುದರಿಂದ ಉಳಿಯನ್ನು ಸುತ್ತಿಸಲು ಹೋದರೆ ಕೈ ಜಾರುತ್ತದೆ. ಉಳಿ ಹಿಡಿದ ಕೈಯನ್ನು ಅಲುಗಿಸದೆ, ಇನ್ನೊಂದು ಕೈಯಿಂದ ರಬ್ಬರನ್ನೇ ನಿಧಾನವಾಗಿ ತಿರುಗಿಸಬೇಕು, ರೊಟ್ಟಿ ಬಡಿಯುವಾಗ ಹಿಟ್ಟನ್ನು ತಿರುಗಿಸಿದ ಹಾಗೆ. ಅಕ್ಷರದ ಗೋಡೆ ಬುಡದಲ್ಲಿ ಅಗಲವಾಗಿ ಮೇಲೆ ಕಿರಿದಾಗುವಂತೆ ಇಳಿಜಾರಾಗಿ ಕೊರೆಯಿರಿ. ಬುಡವನ್ನು ಒಳಗೆ ಕೊರೆದರೆ ನಾಲ್ಕು ಸಲ ಒತ್ತುವಷ್ಟರಲ್ಲಿ ಅಕ್ಷರ ಮುರಿಯುತ್ತದೆ. ‘ಭ’ ಅಕ್ಷರದ ಕೆಳಗಿನ ಸಣ್ಣ ಸೀಳು ಮೊದಲು ಕಿತ್ತುಹೋಗುವ ಜಾಗ, ‘ಯ’ದೊಳಗಿನ ಕುಣಿಕೆ ಮೊದಲು ಶಾಯಿ ಕಟ್ಟಿಕೊಳ್ಳುವ ಜಾಗ. ಆದ್ದರಿಂದ ಮೊದಲಿಗೆ ‘ಹಾರ್ದಿಕ ಶುಭಾಶಯಗಳು’ ಎಂದು ಹೊರಡದೆ ‘ಶುಭ’ ಎಂಬಷ್ಟಕ್ಕೇ ನಿಲ್ಲಿಸಿ. ದಸರೆಗಾದರೆ ‘ಬನ್ನಿ’ ಎರಡೇ ಅಕ್ಷರ. ‘ಬಂಗಾರದಂಗ ಇರೋಣ’ ಎಂಬುದನ್ನು ಒಳಗೆ ಪೆನ್ನಿನಿಂದ ಬರೆದರಾಯಿತು.

ಉದ್ದದ ಸಾಲೇ ಬೇಕೆಂದರೆ ಮೊಹರು ಮಾಡುವ ಅಂಗಡಿಗೆ ಕೊಡಿ. ಅವರು ಫಿಲ್ಮಿನ ಮೂಲಕ ಬೆಳಕು ಹಾಯಿಸಿ ಪಾಲಿಮರ್ ಗಟ್ಟಿಗೊಳಿಸುವುದರಿಂದ ಒತ್ತಕ್ಷರಗಳೂ ಚೆನ್ನಾಗಿ ಬರುತ್ತವೆ. ಶಾಯಿ ಒಳಗೇ ತುಂಬಿದ ಮೊಹರನ್ನು ಮಾತ್ರ ಮಾಡಿಸಬೇಡಿ, ಅದರಲ್ಲಿ ಬೇರೆ ಬಣ್ಣ ಬಳಸಲು ಬರುವುದಿಲ್ಲ. ಪಾಲಿಮರಿಗೂ ರಬ್ಬರಿಗೂ ಬಿಸಿಲು ಆಗದು. ತೊಳೆಯಲು ನೀರು, ತುಸು ಸೋಪು ಸಾಕು. ಪೆಟ್ರೋಲು, ಥಿನ್ನರುಗಳು ಅವನ್ನು ಉಬ್ಬಿಸಿ ಕೆಡಿಸುತ್ತವೆ.

ಪ್ರಶ್ನೆ: ಬಿದರಿ ಸಾಮಾನಿನ ಹೂಬಳ್ಳಿಯನ್ನು ಕಪ್ಪು ಕಾರ್ಡಿನ ಮೇಲೆ ತರಬೇಕೆಂದು ಮೊಹರು ಮಾಡಿಸಿದೆ. ಬಿಳಿಯ ಜಲವರ್ಣ ಹಚ್ಚಿದರೆ ಒಣಗಿದ ಮೇಲೆ ಏನೂ ಕಾಣುವುದಿಲ್ಲ.
— ಕಲಾಸಕ್ತರು, ಬೀದರ್

ಉತ್ತರ: ಜಲವರ್ಣದ ಬೆಳಕು ಬಣ್ಣದಿಂದ ಬರುವುದಿಲ್ಲ, ಬಣ್ಣದ ಕೆಳಗಿನ ಬಿಳಿ ಕಾಗದದಿಂದ ಬರುತ್ತದೆ. ಕಾಗದವೇ ಕಪ್ಪಾಗಿದ್ದರೆ ತೆಳುವಾದ ಬಣ್ಣ ಅದರಲ್ಲಿ ಮುಳುಗಿಹೋಗುತ್ತದೆ. ಕಪ್ಪಿನ ಮೇಲೆ ನಿಲ್ಲುವುದು ಗ್ವಾಶ್, ಅಂದರೆ ನೀರಿನಲ್ಲೇ ಕಲಸುವ ಆದರೆ ಕೆಳಗಿನದನ್ನು ಮುಚ್ಚುವ ಬಣ್ಣ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಕಲಾವಿದ ಎಸ್.ಎಂ. ಪಂಡಿತರು ಪಳಗಿದ್ದ ಮಾಧ್ಯಮಗಳಲ್ಲಿ ಅದೂ ಒಂದು. ಬಿಳಿ ಗ್ವಾಶಿನಿಂದಲೋ ಬಿಳಿಯ ಪಿಗ್ಮೆಂಟ್ ಪ್ಯಾಡಿನಿಂದಲೋ ನಿಮ್ಮ ಬಳ್ಳಿ ಕಾಣುವಂತಾಗುತ್ತದೆ.

ಆದರೆ ನನ್ನ ಸಲಹೆ ಬೇರೆ. ಕಪ್ಪು ಕಾರ್ಡನ್ನು ಬಿಟ್ಟು ಬಿಳಿಯ ಕಾಗದದಿಂದಲೇ ಹೊರಡಿ. ನಿಧಾನವಾಗಿ ಒಣಗುವ, ಬಣ್ಣವಿಲ್ಲದ ಪಿಗ್ಮೆಂಟ್ ಶಾಯಿಯಿಂದ ಬಳ್ಳಿಯನ್ನು ಒತ್ತಿ, ಹಸಿಯಿರುವಾಗಲೇ ಪಾರದರ್ಶಕವಾದ ಎಂಬಾಸಿಂಗ್ ಪುಡಿಯನ್ನು, ಅಂದರೆ ಕಾವಿಗೆ ಕರಗಿ ಉಬ್ಬುಗೆರೆಯಾಗುವ ಪುಡಿಯನ್ನು, ಉದುರಿಸಿ, ಕಾಗದವನ್ನು ಓರೆ ಮಾಡಿ ಹಿಂದಿನಿಂದ ತಟ್ಟಿದರೆ ಗೆರೆಗೆ ಅಂಟಿದ್ದು ಮಾತ್ರ ಉಳಿಯುತ್ತದೆ. ಇದನ್ನು ಕರಗಿಸಲು ಹೀಟ್ ಗನ್ ಇದ್ದರೆ ಸರಿ. ಕೂದಲು ಒಣಗಿಸುವ ಡ್ರೈಯರಿನ ಕಾವು ಸಾಲದು, ಅದರ ಗಾಳಿಗೆ ಪುಡಿಯೂ ಹಾರಿಹೋಗುತ್ತದೆ. ನಾನು ಕಾದ ರೊಟ್ಟಿ ಹಂಚಿನ ಮೇಲೆ ಎರಡು ಬೆರಳು ಎತ್ತರದಲ್ಲಿ, ಇಕ್ಕಳದಿಂದ ಹಿಡಿದು, ಕಾಗದದ ಬೆನ್ನು ಕೆಳಗಿರುವಂತೆ ಆಡಿಸುತ್ತೇನೆ. ಮೊದಲು ಏನೂ ಆಗದಂತೆ ತೋರಿ, ಆಮೇಲೆ ಸಕ್ಕರೆಯಂತಿದ್ದ ಪುಡಿ ಒಂದು ತುದಿಯಿಂದ ಕರಗುತ್ತ, ಬಳ್ಳಿಯ ಉದ್ದಕ್ಕೂ ಹೊಳಪು ಓಡುತ್ತ ಹೋಗುವುದು ಕಣ್ಣಿಗೆ ಕಾಣುತ್ತದೆ. ಆ ಕ್ಷಣದಲ್ಲೇ ಹಂಚಿನಿಂದ ತೆಗೆಯಬೇಕು. ತಡಮಾಡಿದರೆ ಕಾಗದ ಕಂದಾಗುತ್ತದೆ. ತಣಿದ ಮೇಲೆ ಕಪ್ಪಿಗೆ ತುಸು ಕಡುನೀಲಿ ಬೆರೆಸಿ ಇಡೀ ಕಾಗದದ ಮೇಲೆ ಹರಿಸಿ. ಉಬ್ಬಿದ ಗೆರೆಯ ಮೇಲೆ ಬಣ್ಣ ನಿಲ್ಲದೆ ಜಾರುತ್ತದೆ. ಉಳಿದ ಹನಿಗಳನ್ನು ಒಣ ಬಟ್ಟೆಯಿಂದ ಒರೆಸಿದರೆ ಕಪ್ಪಿನ ನಡುವೆ ಬಳ್ಳಿ ಬೆಳ್ಳಗೆ ಹೊಳೆಯುತ್ತದೆ.

ನಿಮ್ಮೂರಿನ ಕುಶಲಕರ್ಮಿಗಳು ಮಾಡುವುದೂ ಇದೇ ಬಗೆಯ ಕೆಲಸ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಬೆಳ್ಳಿಯನ್ನು ಕೂರಿಸಿದ ಮೇಲೆ, ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಬಳಸಿ ಪಾತ್ರೆಯನ್ನು ಪೂರ್ತಿ ಕಪ್ಪಿಗೆ ಒಡ್ಡುತ್ತಾರೆ. ಎರಕ ಕಪ್ಪಾಗುತ್ತದೆ, ಬೆಳ್ಳಿ ಆ ಕಪ್ಪನ್ನು ಹಿಡಿಯುವುದಿಲ್ಲ. ಕಪ್ಪಿನ ಮೇಲೆ ಯಾರೂ ಬಿಳಿಯನ್ನು ಬರೆಯುವುದಿಲ್ಲ ಎಂಬುದನ್ನು ಗಮನಿಸಿ.

ಪ್ರಶ್ನೆ: ನಮ್ಮ ತರಗತಿಯಲ್ಲಿ 45 ಮಕ್ಕಳಿದ್ದಾರೆ. ಮೊಹರು ಕೊಳ್ಳುವ ಅನುಕೂಲವಿಲ್ಲ. ಬೇರೆ ದಾರಿ ತಿಳಿಸಿ.
— ಪ್ರಾಥಮಿಕ ಶಾಲಾ ಶಿಕ್ಷಕಿ, ಹುಮನಾಬಾದ್

ಉತ್ತರ: ತರಕಾರಿ ಸಂತೆಯೇ ನಿಮ್ಮ ಅಂಗಡಿ. ಅಡ್ಡ ಕೊಯ್ದ ಬೆಂಡೆಕಾಯಿ ನಕ್ಷತ್ರದಂತಹ ಹೂವನ್ನೂ ಹಾಗಲಕಾಯಿ ಹಲ್ಲುಹಲ್ಲಾದ ಚಕ್ರವನ್ನೂ ಕೊಡುತ್ತವೆ. ಬೆಂಡೆ ಬಲಿತದ್ದಿರಲಿ, ಎಳೆಯದು ಒತ್ತಿದರೆ ಅಪ್ಪಚ್ಚಿಯಾಗುತ್ತದೆ. ಆಲೂಗಡ್ಡೆಯಲ್ಲಿ ಬೇಕಾದ ಆಕಾರವನ್ನು ನೀವೇ ಕೊರೆದುಕೊಡಿ. ಚಾಕು ಮಕ್ಕಳ ಕೈಗೆ ಬೇಡ. ಕೊಯ್ದ ಮುಖಗಳನ್ನು ಬಟ್ಟೆಯ ಮೇಲೆ ಅರ್ಧ ಗಂಟೆ ಬೋರಲಿಟ್ಟು ನೀರನ್ನು ಹೀರಿಸದಿದ್ದರೆ ಬಣ್ಣ ತೆಳ್ಳಗಾಗಿ ಹರಡುತ್ತದೆ. ಬಣ್ಣವನ್ನು ಕುಂಚದಿಂದ ಹಚ್ಚುವುದಕ್ಕಿಂತ, ಒದ್ದೆ ಸ್ಪಂಜಿನ ತುಂಡಿಗೆ ಗಟ್ಟಿಯಾದ ಪೋಸ್ಟರ್ ಕಲರ್ ಹಚ್ಚಿ ಅದನ್ನೇ ಪ್ಯಾಡಿನಂತೆ ಬಳಸುವುದು ಉತ್ತಮ. ಹಿನ್ನೆಲೆಯ ಜಲವರ್ಣವನ್ನು ಹಿಂದಿನ ದಿನವೇ ಮಾಡಿಸಿಡಿ. ಒಂದೇ ಅವಧಿಯಲ್ಲಿ ಎರಡನ್ನೂ ಮಾಡಿಸಲು ಹೋದರೆ ಹಸಿ ಕಾಗದದ ಮೇಲೆ ಎಲ್ಲವೂ ಕಲಸಿಹೋಗುತ್ತದೆ.

ಪ್ರಶ್ನೆ: ಹಳದಿಗೆ ಅರಿಶಿನವನ್ನೇ ಬಳಸಬಹುದಲ್ಲವೇ?
— ಓದುಗರು, ಆಳಂದ

ಉತ್ತರ: ಶುಭಕ್ಕೆಂದು ಮೂಲೆಗಳಿಗೆ ಹಚ್ಚಿ. ಚಿತ್ರಕ್ಕೆ ಮಾತ್ರ ಬೇಡ. ಅರಿಶಿನದ ಹಳದಿ ಬೆಳಕಿಗೆ ಬೇಗ ಮಾಸುತ್ತದೆ, ಸೋಪು ಸುಣ್ಣಗಳ ಅಂಶ ತಗುಲಿದರೆ ಕೆಂಪಾಗುತ್ತದೆ. ಸುಣ್ಣ ಸೇರಿಸಿ ಅರಿಶಿನದಿಂದ ಕುಂಕುಮ ಮಾಡುವುದು ಆ ಗುಣದಿಂದಲೇ.

ಪ್ರಶ್ನೆ: ನಮ್ಮ ಊರಿನ ಮಲಗಿದ ಬುದ್ಧನ ಬೆಟ್ಟವನ್ನು ಹಿನ್ನೆಲೆಯಾಗಿಟ್ಟು, ಮುಂದೆ ಜೋಳದ ತೆನೆಯ ಮೊಹರನ್ನು ಒತ್ತಿ ಎಳ್ಳಮಾವಾಸ್ಯೆಯ ಕಾರ್ಡು ಮಾಡಿದೆ. ಬೆಟ್ಟ, ತೆನೆ ಎರಡೂ ಒಂದೇ ಗೋಡೆಗೆ ಅಂಟಿಸಿದಂತೆ ಕಾಣುತ್ತವೆ.
— ಯುವ ರೈತರು, ಶಹಾಪುರ

ಉತ್ತರ: ಬೆಟ್ಟಕ್ಕೂ ಮೊಹರು ಒತ್ತಿದ್ದೀರಿ ಎಂದು ನೀವು ಕಳುಹಿಸಿದ ಮಾದರಿಯಿಂದ ತಿಳಿಯಿತು. ದೂರದ ವಸ್ತುವಿಗೆ ಗೆರೆ ಬೇಡ. ಬೆಟ್ಟದ ಸಾಲನ್ನು ನೀರು ಸವರಿದ ಕಾಗದದ ಮೇಲೆ ತಿಳಿ ನೀಲಿಬೂದಿಯಿಂದ ಒಂದೇ ಎಳೆತದಲ್ಲಿ ತೆಗೆಯಿರಿ. ಹಣೆ, ಮೂಗು, ಎದೆಯ ಏರಿಳಿತ ಸಿಕ್ಕರೆ ಸಾಕು, ಕಣ್ಣು ಬಾಯಿ ಬರೆಯಬೇಡಿ. ಅದು ಒಣಗಿದ ಮೇಲೆ ಮುಂದಿನ ತೆನೆಗಳನ್ನು ಕಡುಕಂದು ಶಾಯಿಯಿಂದ ಒತ್ತಿ. ಅವುಗಳ ಹಿಂದೆ ಇನ್ನಷ್ಟು ತೆನೆಗಳು ಬೇಕಾದರೆ, ಒತ್ತಿದ ತೆನೆಯ ಆಕಾರವನ್ನೇ ತೆಳುವಾದ ಕಾಗದದಲ್ಲಿ ಕತ್ತರಿಸಿ ಅದರ ಮೇಲೆ ಮುಚ್ಚಿ, ಮೊಹರಿಗೆ ಹೊಸದಾಗಿ ಶಾಯಿ ಹಚ್ಚದೆ ಉಳಿದ ಶಾಯಿಯಲ್ಲೇ ಪಕ್ಕದಲ್ಲಿ ಒತ್ತಿ. ಮುಚ್ಚಿದ ಕಾಗದ ತೆಗೆದಾಗ ಮಸುಕಾದ ತೆನೆ ಹಿಂದಕ್ಕೆ ಸರಿದು ನಿಂತಿರುತ್ತದೆ.

ಪ್ರಶ್ನೆ: ನಾನು ಮಾಡಿದ ಕಾರ್ಡುಗಳನ್ನು ಸಾಧಾರಣ ಅಂಚೆಯಲ್ಲಿ ಕಳುಹಿಸಬಹುದೇ? ಕಳೆದ ಸಲ ಕೆಲವಕ್ಕೆ ಬಂಧುಗಳು ದಂಡ ತೆತ್ತರಂತೆ.
— ನಿವೃತ್ತ ನೌಕರರು, ಸುರಪುರ

ಉತ್ತರ: ಅಂಚೆಯವರು ಲಕೋಟೆಯ ದರವನ್ನು 20 ಗ್ರಾಂಗೆ ಒಂದು ಹಂತವೆಂದು ಲೆಕ್ಕ ಹಾಕುತ್ತಾರೆ. ಎ4 ಹಾಳೆ ಎಂದರೆ ಒಂದು ಚದರ ಮೀಟರಿನ ಹದಿನಾರನೆಯ ಒಂದು ಭಾಗ. ಹಾಗಾಗಿ 300 ಜಿಎಸ್ಎಂನ ಒಂದು ಎ4 ಹಾಳೆ 18.75 ಗ್ರಾಂ ತೂಗುತ್ತದೆ. ನೀವು ಇಡೀ ಎ4 ಹಾಳೆಯನ್ನು ಒಮ್ಮೆ ಮಡಿಚಿ ಕಾರ್ಡು ಮಾಡಿ, ಅದಕ್ಕೆ ತಕ್ಕ ಲಕೋಟೆಗೆ ಹಾಕಿದರೆ 20 ಗ್ರಾಂ ದಾಟುವುದು ನಿಶ್ಚಿತ. ಅದೇ ಹಾಳೆಯನ್ನು ಎರಡು ತುಂಡು ಮಾಡಿ ಒಂದೊಂದನ್ನೂ ಮಡಿಚಿದರೆ ಕಾರ್ಡಿನ ತೂಕ ಒಂಬತ್ತೂವರೆ ಗ್ರಾಂ ಆಸುಪಾಸು. 114 × 162 ಮಿಲಿಮೀಟರಿನ ಲಕೋಟೆ ನಾಲ್ಕು ಗ್ರಾಂ ಎಂದಿಟ್ಟುಕೊಂಡರೂ ಮೊದಲ ಹಂತದಲ್ಲೇ ಉಳಿಯುತ್ತೀರಿ. ಮಡಿಚುವ ಮೊದಲು ಶಾಯಿ ಮುಗಿದ ಬಾಲ್ ಪೆನ್ನಿನಿಂದ ಅಳತೆಪಟ್ಟಿ ಹಿಡಿದು ಗೀರಿಕೊಂಡರೆ ಮಡಿಕೆ ಸಿಡಿಯುವುದಿಲ್ಲ. ಕುಂದಣ, ಗುಂಡಿ, ಮಣಿಗಳನ್ನು ಅಂಟಿಸಬೇಡಿ. ಅಂಚೆಯ ಠಸ್ಸೆ ಬೀಳುವುದು ಅವುಗಳ ಮೇಲೆಯೇ. ವಿಳಾಸವನ್ನು ಜೆಲ್ ಪೆನ್ನಿನ ಬದಲು ಬಾಲ್ ಪೆನ್ನಿನಲ್ಲಿ ಬರೆಯಿರಿ. ಈ ಸಲ ಎಲ್ಲವನ್ನೂ ಮಾಡಿ ಮುಗಿಸುವ ಮೊದಲು ಖಾಲಿ ಕಾರ್ಡೊಂದನ್ನು ಲಕೋಟೆಯಲ್ಲಿಟ್ಟು ಅಂಚೆ ಕಚೇರಿಯ ತಕ್ಕಡಿಯ ಮೇಲೆ ಒಮ್ಮೆ ಇಟ್ಟು ನೋಡಿಕೊಂಡು ಬನ್ನಿ.